ಕರಗಿಹೋಗುವ ಮೇಣ



ಫೆಬ್ರವರಿ 2, ಬಾಲಯೇಸುವಿನ ಸಮರ್ಪಣೆಯ ಹಬ್ಬ. ಕೈಯಲ್ಲಿ ಮೇಣದಬತ್ತಿ, ವಾಚನದಲ್ಲಿ ಮಲಾಕಿ ಪ್ರವಾದಿಯ ಲೋಹ ಶೋಧಿಸುವ ಬೆಂಕಿ. ಹುಮನಾಬಾದಿನ ನೆರೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಈ ಮೇಣ, ಬೆಂಕಿ, ಲೋಹಗಳ ಕೆಲಸವನ್ನು ವಿವರಿಸಿದ್ದಾನೆ. ಮೇಣದ ಮೂರ್ತಿಯನ್ನು ಮೊದಲು ತೂಗಬೇಕು. ಬೆಳ್ಳಿಯಾದರೆ ಅದರ 12 ಪಟ್ಟು ಬೇಕು, ಚಿನ್ನವಾದರೆ 16. ಮೂರು ಸಲ ಮಣ್ಣು ಮೆತ್ತಿ ನೆರಳಲ್ಲಿ ಒಣಗಿಸಿ ಕಾಯಿಸಿದರೆ ಮೇಣ ಇಳಿದುಹೋಗುತ್ತದೆ, ರೂಪ ಮಾತ್ರ ಉಳಿಯುತ್ತದೆ. ನನಗೆ ಮುದುಕ ಸಿಮೆಯೋನನ ನೆನಪು! ಆ ಖಾಲಿ ಜಾಗಕ್ಕೇ ಲೋಹ ಹೊಯ್ಯುವುದು.

ದೊಡ್ಡ ಎತ್ತಾದರೆ ಒಳಗೆ ಮಣ್ಣಿನ ತಿರುಳಿಟ್ಟು, ಅದರ ಮೇಲೆ ಮೇಣ ಹೊದಿಸುತ್ತಾರೆ. ಇಡೀ ಕಂಚಿನದಾದರೆ ಭಾರ. ತಣಿಯುವಾಗ ಬಿರುಕಿನ ಭಯ ಬೇರೆ. ಸೊಲೊಮೋನನ ದೇವಾಲಯದ 12 ಕಂಚಿನ ಎತ್ತುಗಳನ್ನೂ ಜೋರ್ಡಾನ್ ಬಯಲಿನ ಜೇಡಿಮಣ್ಣಿನಲ್ಲೇ ಎರಕ ಹೊಯ್ದರು. ಆ ಎರಕಕ್ಕೆ ಮೇಣ ಬಳಸಿದ ಮಾತು ಮಾತ್ರ ಬೈಬಲಿನಲ್ಲಿಲ್ಲ. ಕೊನೆಗೆ ಅಚ್ಚನ್ನು ಒಡೆಯಲೇಬೇಕು. ಎರಕ ಕೆಟ್ಟಿದ್ದರೆ ಮತ್ತೆ ಮೇಣದಿಂದಲೇ ಶುರು.