ಹಿಂದಿನ ಆಸನಕ್ಕೆ ಎಷ್ಟು ಗಾಳಿ?

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹಳೆಯ ಮದರಾಸು ರಸ್ತೆಯ ಬೂದಿಗೆರೆ ಕ್ರಾಸಿನಲ್ಲಿ ನಿಂತವರಿಗೆ ಮೋಟಾರ್ ಸೈಕಲ್ಲುಗಳ ಸಾಲೊಂದು ಕಾಣಸಿಗುವುದುಂಟು. ನಗರದಿಂದ ಬಂದ ಬಂಡಿಗಳು ಅಲ್ಲಿ ಹೆದ್ದಾರಿಯನ್ನು ಬಿಟ್ಟು, ಬೂದಿಗೆರೆಯನ್ನು ಹಾದು, ದೇವನಹಳ್ಳಿಯ ಕಡೆಗೂ ಅಲ್ಲಿಂದ ನಂದಿಬೆಟ್ಟಕ್ಕೂ ಸಾಗುತ್ತವೆ. ಅನೇಕ ಬಂಡಿಗಳಲ್ಲಿ ಸವಾರನ ಹಿಂದೆ ಮಡದಿಯೋ ತಂಗಿಯೋ ಗೆಳೆಯನೋ ಕುಳಿತಿರುತ್ತಾರೆ. ಅಂತಹ ಬಂಡಿಯನ್ನು ಪಕ್ಕದಿಂದ ನೋಡಿರಿ: ಹಿಂಭಾಗ ಕುಸಿದು, ಮೂತಿ ಮೇಲೆದ್ದು, ದೀಪದ ಬೆಳಕು ರಸ್ತೆಯನ್ನು ಬಿಟ್ಟು ಹುಣಸೆಮರದ ಕೊಂಬೆಗಳನ್ನು ಬೆಳಗುತ್ತಿರುತ್ತದೆ.

ಇದಕ್ಕೆ ಕಾರಣ ಸರಳವಾದುದು. ಸವಾರನು ಎರಡು ಚಕ್ರಗಳ ನಡುವೆ ಕುಳಿತಿರುವುದರಿಂದ ಅವನ ಭಾರವನ್ನು ಎರಡೂ ಹಂಚಿಕೊಳ್ಳುತ್ತವೆ. ಹಿಂದೆ ಕುಳಿತವರಾದರೋ ಬಹುಮಟ್ಟಿಗೆ ಹಿಂದಿನ ಅಚ್ಚಿನ ಮೇಲೆಯೇ ಇರುತ್ತಾರೆ. 60 ಕಿಲೋ ತೂಕದವರಾದರೆ ಅದರ ಬಹುಪಾಲನ್ನು ಹಿಂಚಕ್ರವೊಂದೇ ಹೊರಬೇಕು. ಸ್ಪ್ರಿಂಗು ಕುಗ್ಗಲು ಇರುವ ಎಡೆಯೆಲ್ಲ ನಿಂತಲ್ಲಿಯೇ ಮುಗಿದುಹೋದರೆ ಮುಂದಿನ ಹಳ್ಳ ಬಂದಾಗ ಅದಕ್ಕೆ ಕುಗ್ಗಲು ಏನು ಉಳಿದೀತು? ಲೋಹಕ್ಕೆ ಲೋಹ ತಗುಲಿದಂತೆ ಬಡಿಯುವ ಆ ಪೆಟ್ಟು ನೇರವಾಗಿ ಹಿಂದೆ ಕುಳಿತವರ ಬೆನ್ನೆಲುಬಿಗೆ ಸಲ್ಲುತ್ತದೆ. ಮುಂದೆ ಕುಳಿತ ಮಹಾಶಯನಿಗೆ ಅದರ ಅರ್ಧವೂ ತಿಳಿಯುವುದಿಲ್ಲ. ತಿಳಿದಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ. ಇಷ್ಟೇ ಅಲ್ಲ, ಮುಂಚಕ್ರ ಹಗುರವಾಗಿ ತಿರುವಿನಲ್ಲಿ ಹಿಡಿತ ಸಡಿಲಾಗುತ್ತದೆ. ಮೇಲೆದ್ದ ದೀಪವು ಎದುರಿನ ಲಾರಿಯ ಚಾಲಕನ ಕಣ್ಣಿಗೆ ಕುಕ್ಕುತ್ತದೆ. ಕತ್ತಲಲ್ಲಿ ಅವನ ಕಣ್ಣನ್ನೇ ನಂಬಿ ಸಾಗಬೇಕಾದವರು ಇವರು!

ನಮ್ಮ ನಾಡಿನ ಬಂಡಿಗಳಿಗೆ ಈ ವಿಚಾರ ಹೊಸದೇನೂ ಅಲ್ಲ. ಬುಲೆಟ್ಟಿನ ಹಿಂದಿನ ಶಾಕ್ ಅಬ್ಸಾರ್ಬರಿನ ಬುಡದಲ್ಲಿ ಐದು ಮೆಟ್ಟಿಲುಗಳ ಬಳೆಯೊಂದಿರುತ್ತದೆ. ಕೊಕ್ಕೆಯಾಕಾರದ ಸ್ಪ್ಯಾನರಿನಿಂದ ಅದನ್ನು ತಿರುಗಿಸಿದರೆ ಸ್ಪ್ರಿಂಗು ಮೊದಲೇ ಬಿಗಿಗೊಂಡು ಭಾರಕ್ಕೆ ಸಿದ್ಧವಾಗುತ್ತದೆ. ಆದರೆ ಆ ಸ್ಪ್ಯಾನರು ಎಷ್ಟು ಮನೆಗಳಲ್ಲಿ ತುಕ್ಕು ಹಿಡಿಯದೆ ಉಳಿದಿದೆ ಎಂದು ಕೇಳದಿರುವುದೇ ಮೇಲು.

ದೂರಪ್ರಯಾಣದ ದೊಡ್ಡ ಬಂಡಿಗಳಲ್ಲಿ ಈ ಕೆಲಸವನ್ನು ಗಾಳಿಗೆ ವಹಿಸಿದರು. 1980ರ ದಶಕದ ಹೋಂಡಾ ಗೋಲ್ಡ್ ವಿಂಗ್‌ಗಳಲ್ಲಿ ಕೆಲವಕ್ಕೆ ಗಾಳಿ ತುಂಬುವ ಪುಟ್ಟ ಯಂತ್ರವನ್ನೇ ಬಂಡಿಯೊಳಗೆ ಅಡಗಿಸಿದ್ದರು. 2010ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ಹಾರ್ಲೆ-ಡೇವಿಡ್‌ಸನ್ನಿನ ಪ್ರವಾಸಿ ಬಂಡಿಗಳಲ್ಲಿ ಪೆಟ್ಟಿಗೆಯ ಬಳಿ ಟೈರಿನದರಂತೆಯೇ ಒಂದು ವಾಲ್ವು ಇರುತ್ತಿತ್ತು. 2017ರ ಮಾದರಿಗಳಿಂದ ಆ ಕಾರ್ಖಾನೆಯವರು ಗಾಳಿಯನ್ನು ಕೈಬಿಟ್ಟು, ಕೈಯಿಂದ ತಿರುಗಿಸುವ ಗುಬುಟನ್ನು ತಂದರು. ಆದರೂ ಹಳೆಯ ಬಂಡಿಗಳು ಓಡುತ್ತಿರುವವರೆಗೆ ಗಾಳಿಯ ವಿದ್ಯೆ ಬೇಕೇ ಬೇಕು.

ಗಾಳಿಯ ಗುಣ ವಿಶೇಷವಾದುದು. ಮುಚ್ಚಿದ ಗಾಳಿಯನ್ನು ಅರ್ಧಕ್ಕೆ ಕುಗ್ಗಿಸಿದರೆ ಅದರ ಒತ್ತಡ ಇಮ್ಮಡಿಸುವುದೆಂದು ರಾಬರ್ಟ್ ಬಾಯ್ಲ್ 1662ರಲ್ಲಿಯೇ ಪ್ರಕಟಿಸಿದನು. ಎಂದರೆ ಗಾಳಿಯು ಕುಗ್ಗಿದಷ್ಟೂ ಮೊಂಡಾಗುತ್ತ ಹೋಗುತ್ತದೆ: ಸಣ್ಣ ಕುಲುಕಿಗೆ ಮೆತ್ತಗೆ, ದೊಡ್ಡ ಹಳ್ಳಕ್ಕೆ ಗಟ್ಟಿಯಾಗಿ. ಒಳಗಿನ ಉಕ್ಕಿನ ಸ್ಪ್ರಿಂಗಿಗೆ ಅದು ಹೆಗಲು ಕೊಡುವ ಜೊತೆಗಾರ.

ಹೊಂದಿಸುವ ಬಗೆ ಹೀಗೆ. ಬಂಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂಚಕ್ರವನ್ನು ನೆಲದಿಂದ ಮೇಲೆತ್ತಿ, ಅಚ್ಚಿನಿಂದ ಮೇಲಿನ ಒಂದು ಗುರುತಿನವರೆಗೆ ಟೇಪಿನಿಂದ ಅಳೆಯಿರಿ. ಅನಂತರ ಬಂಡಿಯನ್ನು ಇಳಿಸಿ, ಇಬ್ಬರೂ ಕುಳಿತು, ಸಾಮಾನನ್ನೂ ಕಟ್ಟಿಕೊಂಡು, ಮೂರನೆಯವರೊಬ್ಬರಿಂದ ಮತ್ತೆ ಅಳೆಸಿರಿ. ಎರಡರ ವ್ಯತ್ಯಾಸವು ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗವಿರಬೇಕು; 3 ಅಂಗುಲ ಚಲಿಸುವ ಬಂಡಿಗೆ 1 ಅಂಗುಲ. ಹೆಚ್ಚು ಕುಸಿದರೆ ಗಾಳಿ ಸೇರಿಸಬೇಕು, ಕಡಿಮೆಯಾದರೆ ಬಿಡಬೇಕು. ಇಂತಿಷ್ಟು ತೂಕಕ್ಕೆ ಇಂತಿಷ್ಟು ಒತ್ತಡವೆಂದು ಬಂಡಿಯ ಕೈಪಿಡಿಯಲ್ಲಿ ಪಟ್ಟಿ ಇರುತ್ತದೆ; ಅಲ್ಲಿನ ಗರಿಷ್ಠ ಮಿತಿಯನ್ನು ಎಂದೂ ಮೀರತಕ್ಕದ್ದಲ್ಲ.

ಟೈರಿನ ಅಂಗಡಿಯ ಯಂತ್ರದಿಂದ ಮಾತ್ರ ಈ ಗಾಳಿ ತುಂಬಿಸಬಾರದು. ಟೈರಿನ ಹೊಟ್ಟೆ ದೊಡ್ಡದು. ಶಾಕ್ ಅಬ್ಸಾರ್ಬರಿನದು ಒಂದು ಲೋಟದಷ್ಟೂ ಇರದು. ಕಣ್ಣು ಮಿಟುಕಿಸುವಷ್ಟರಲ್ಲಿ ಒತ್ತಡ ಮಿತಿಮೀರಿ ಒಳಗಿನ ರಬ್ಬರು ಮುಚ್ಚಳಗಳು ಹರಿದಾವು. ಸಾಮಾನ್ಯ ಮಾಪಕದಿಂದ ಅಳೆದರೂ, ಅದನ್ನು ಒತ್ತಿದಾಗ ನುಸುಳುವ ಗಾಳಿಯಿಂದಲೇ ಒತ್ತಡ ಗಣನೀಯವಾಗಿ ಇಳಿಯುತ್ತದೆ. ಗಾಳಿ ಸೋರದಂತೆ ಬಿಚ್ಚಬಹುದಾದ, ಮಾಪಕವುಳ್ಳ ಪುಟ್ಟ ಕೈಪಂಪೇ ಇದಕ್ಕೆ ತಕ್ಕ ಸಾಧನ. ಗಾಳಿ ಬಿಡುವಾಗ ಎಣ್ಣೆಯ ತುಂತುರು ಹಾರುವುದರಿಂದ ವಾಲ್ವಿನ ಮೇಲೆ ಬಟ್ಟೆ ಹಿಡಿಯಬೇಕು; ಆ ಎಣ್ಣೆ ಬ್ರೇಕಿನ ಮೇಲೆ ಬಿದ್ದರಂತೂ ಅಪಾಯ.

ಹೆಚ್ಚು ತುಂಬಿದರೆ ಹೆಚ್ಚು ಹಿತವೆಂಬ ಭ್ರಮೆಯೂ ಬೇಡ. ಗಾಳಿಯು ಆಸರೆಯನ್ನು ಗಟ್ಟಿ ಮಾಡುತ್ತದೆಯೇ ಹೊರತು ನೆಗೆತವನ್ನು ತಡೆಯುವ ಎಣ್ಣೆಯ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಮಿತಿಮೀರಿದರೆ ಪ್ರತಿ ಉಬ್ಬಿಗೂ ಹಿಂಚಕ್ರ ಕುಪ್ಪಳಿಸುತ್ತದೆ. ಇನ್ನೊಂದು ಸ್ವಾರಸ್ಯ: ಸುಮಾರು 3000 ಅಡಿ ಎತ್ತರದ ನಮ್ಮ ಬೆಂಗಳೂರು ಸೀಮೆಯಲ್ಲಿ 20 ಪೌಂಡು ತುಂಬಿಸಿ ಮಂಗಳೂರಿಗೆ ಇಳಿದರೆ, ಒಂದು ತೊಟ್ಟು ಗಾಳಿ ಸೋರದಿದ್ದರೂ ಮಾಪಕ ಸುಮಾರು ಒಂದೂವರೆ ಪೌಂಡು ಕಡಿಮೆ ತೋರಿಸೀತು. ಅಲ್ಲಿ ಹೊರಗಿನ ವಾಯುಭಾರ ಅಷ್ಟು ಹೆಚ್ಚು. ಕರಾವಳಿಯ ಸೆಕೆ ಅದರಲ್ಲಿ ಸ್ವಲ್ಪವನ್ನು ತುಂಬಿಕೊಡುತ್ತದೆನ್ನಿ.

ಸೀರೆಯುಟ್ಟು ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು ಕುಳಿತವರ ಭಾರ ಯಾವ ಗಾಳಿಯಿಂದಲೂ ಸಮವಾಗದು. ಮಾರುಕಟ್ಟೆಗೆ ಹೋಗಿಬರಲು ಹೇಗೋ ಸರಿ. ನೂರಾರು ಮೈಲಿಯ ಪ್ರಯಾಣಕ್ಕೆ ಅದು ಸಲ್ಲದೆಂದೇ ನಮ್ಮ ಅಭಿಪ್ರಾಯ. ಹಿಂದೆ ಕೂರುವವರಿಗಾಗಿ ಹಿಡಿಕೆ, ಕಾಲೂರಲು ಮೆಟ್ಟು, ಬಟ್ಟೆ ಸಿಲುಕದಂತೆ ಹಿಂಚಕ್ರದ ಅರ್ಧಕ್ಕಾದರೂ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ವಿಧಿಸಿವೆ. ಶಿರಸ್ತ್ರಾಣವನ್ನೂ ಅವರಿಗೆ ಕರ್ನಾಟಕದಲ್ಲಿ 2016ರಲ್ಲಿ ಕಡ್ಡಾಯಗೊಳಿಸಲಾಯಿತು.

ಹೊರಡುವ ಹಿಂದಿನ ಸಂಜೆ ಟೈರಿನ ಗಾಳಿಯನ್ನೂ ಇಬ್ಬರ ಭಾರಕ್ಕೆ ತಕ್ಕಂತೆ ಸರಿಪಡಿಸಿ, ಇಬ್ಬರೂ ಬಂಡಿಯ ಮೇಲೆ ಕುಳಿತು, ಎದುರಿನ ಗೋಡೆಗೆ ದೀಪ ಬಿಟ್ಟು ನೋಡಿರಿ. ಒಬ್ಬನೇ ಕುಳಿತಾಗ ಬಿದ್ದ ಗುರುತಿಗಿಂತ ಬೆಳಕು ಇನ್ನೂ ಮೇಲಿದ್ದರೆ ಮಿತಿಯೊಳಗೆ ಮತ್ತೆರಡು ಪೌಂಡು ಗಾಳಿ ಸೇರಿಸಬಹುದು, ಇಲ್ಲವೆ ದೀಪವನ್ನೇ ತುಸು ಬಾಗಿಸಬಹುದು.