ರಸೀದಿ ಹಿಡಿದು ಹೊರಟವರು

1985ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಬ್ಬಾತ ಅತ್ಯಾಚಾರದ ಕೇಸಿನಲ್ಲಿ ಜೈಲು ಸೇರಿದ. ‘ಇವನೇ’ ಎಂದು ಗುರುತು ಹಿಡಿದವರ ಮಾತೇ ಆಧಾರ. 1994ರಲ್ಲಿ, ನನ್ನ ಡಿಎನ್‌ಎ ಪರೀಕ್ಷೆ ಮಾಡಿಸಿ ಎಂದು ಕೇಳಿದ. ಅಂದು ಸಂಗ್ರಹಿಸಿದ್ದ ಮಾದರಿ ಸಿಗುತ್ತಿಲ್ಲ ಎಂಬ ಉತ್ತರ ಬಂತು. ಅದು ಸಿಕ್ಕಿದ್ದು 2005ರಲ್ಲಿ, ಕ್ವೀನ್ಸ್‌ನ ಪೊಲೀಸ್ ಗೋದಾಮಿನಲ್ಲಿ. ಮಾದರಿಯನ್ನು ಜಮಾ ಮಾಡಿದ ರಸೀದಿಯಲ್ಲಿ ಎಲ್ಲಿದೆ ಎಂದು ಬರೆದಿತ್ತೋ ಅಲ್ಲೇ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತೇವೆ. ಇಲ್ಲಿ ಕಂಕುಳನ್ನೇ ಯಾರೂ ಸರಿಯಾಗಿ ನೋಡಿರಲಿಲ್ಲ. ಪರೀಕ್ಷೆಯಲ್ಲಿ ಅದು ಅವನ ಡಿಎನ್‌ಎ ಅಲ್ಲ ಎಂದು ತಿಳಿದು, ಮರುವರ್ಷ ಆತ ಬಿಡುಗಡೆಯಾದ.

ಹುಡುಕಿಸಲು ಹಟ ಹಿಡಿದವರು ‘ಇನ್ನೊಸೆನ್ಸ್ ಪ್ರಾಜೆಕ್ಟ್’ನವರು. ಬ್ಯಾರಿ ಶೆಕ್, ಪೀಟರ್ ನ್ಯೂಫೆಲ್ಡ್ ಎಂಬ ವಕೀಲರಿಬ್ಬರು 1992ರಲ್ಲಿ ಕಾರ್ಡೋಜೊ ಕಾನೂನು ಕಾಲೇಜಿನಲ್ಲಿ ಶುರುಮಾಡಿದ ಕ್ಲಿನಿಕ್ ಇದು. ವೈದ್ಯಕೀಯ ವಿದ್ಯಾರ್ಥಿಗಳು ವಾರ್ಡಿನಲ್ಲಿ ಕಲಿಯುವ ಹಾಗೆ ಇಲ್ಲಿ ಕಾನೂನು ವಿದ್ಯಾರ್ಥಿಗಳು ನಿಜವಾದ ಕೇಸುಗಳಲ್ಲಿ ಕಲಿಯುತ್ತಾರೆ. ಕೈದಿಗಳ ಕಾಗದ ಓದಬೇಕು, ವಿಚಾರಣೆಯ ದಾಖಲೆ ತಿರುವಿ ಹಾಕಬೇಕು, ಹಳೆಯ ಪ್ರಯೋಗಾಲಯಗಳಿಗೆ ಫೋನು ಮಾಡಬೇಕು. ಸಿನಿಮಾದ ಕೋರ್ಟ್ ಸೀನಿನ ಅಬ್ಬರ ಇಲ್ಲಿಲ್ಲ. ಪರೀಕ್ಷೆಯಾದ ಮೇಲೆ ಕಕ್ಷಿದಾರನೇ ತಪ್ಪಿತಸ್ಥ ಎಂದು ಸಾಬೀತಾಗುವುದೂ ಉಂಟು. ಆ ಅಪಾಯ ಗೊತ್ತಿದ್ದೇ ಇಳಿಯುತ್ತಾರೆ.

ಅಮೆರಿಕದಲ್ಲಿ ಡಿಎನ್‌ಎಯಿಂದ ನಿರಪರಾಧಿಗಳೆಂದು ಸಾಬೀತಾದ ಪ್ರಕರಣಗಳ ಪೈಕಿ ಹತ್ತರಲ್ಲಿ ಸುಮಾರು ಏಳರಲ್ಲಿ ಕಣ್ಣಾರೆ ಕಂಡವರೇ ತಪ್ಪಾಗಿ ಗುರುತಿಸಿದ್ದರು. ಸುಳ್ಳು ಹೇಳಿದರು ಎಂದಲ್ಲ, ನಂಬಿಯೇ ಹೇಳಿದವರು ಬಹಳ. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಮ್ಮಲ್ಲಿ ಇಂಥ ಕೆಲಸಕ್ಕೆ ಹೆಸರಾದದ್ದು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದಲ್ಲಿದ್ದ ‘ಪ್ರಾಜೆಕ್ಟ್ 39ಎ’. ಬಡವರಿಗೆ ಉಚಿತ ಕಾನೂನು ನೆರವು ಸಿಗಬೇಕು ಎನ್ನುವ ಸಂವಿಧಾನದ ವಿಧಿಯ ಸಂಖ್ಯೆಯೇ ಆಗ ಅದರ ಹೆಸರಾಗಿತ್ತು. 1994ರ ಪುಣೆಯ ಕೊಲೆಗಳಿಗಾಗಿ ಗಲ್ಲು ಶಿಕ್ಷೆಯಾಗಿದ್ದ ಒಬ್ಬನ ಕೇಸನ್ನು ಅವರು ಕೈಗೆತ್ತಿಕೊಂಡರು. ಕೊಲೆ ಮಾಡಿಲ್ಲ ಎಂಬುದು ಇಲ್ಲಿನ ವಾದವಲ್ಲ, ಆಗ ಅವನಿನ್ನೂ ಬಾಲಕ ಎಂಬುದು. ಬಾಲಾಪರಾಧಿಯನ್ನು ಗಲ್ಲಿಗೇರಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ; ಅವನ ವಯಸ್ಸಿನ ಬಾಲಕನನ್ನು ಬಂಧನದಲ್ಲಿಡಬಹುದಾದ ಗರಿಷ್ಠ ಅವಧಿ ಮೂರು ವರ್ಷ. ಆದರೆ ಕೋರ್ಟಿನ ಕಡತದಲ್ಲಿ ಅವನು ವಯಸ್ಕ, ಹೆಸರೂ ಬೇರೆ. 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಕೃತ್ಯ ನಡೆದಾಗ ಅವನಿಗೆ 12 ವರ್ಷ ಎಂದು ಒಪ್ಪಿತು. ಜೈಲಿನಲ್ಲಿ ಕಳೆದದ್ದು 28 ವರ್ಷಕ್ಕೂ ಹೆಚ್ಚು.

ಕೇಸು ನಿಂತದ್ದು ರಾಜಸ್ಥಾನದ ಸರ್ಕಾರಿ ಶಾಲೆಯೊಂದರ ದಾಖಲಾತಿ ರಿಜಿಸ್ಟರಿನ ಮೇಲೆ. ಹುಟ್ಟಿದ ವರ್ಷ 1982 ಎಂದು ಅದರಲ್ಲಿ ಮೇಷ್ಟರೊಬ್ಬರು ಎಂದೋ ಬರೆದಿಟ್ಟಿದ್ದರು.