ಎರಡೆಕರೆಯ ಲೆಕ್ಕದಲ್ಲಿ ತಪ್ಪಿದ ಮಾತುಗಳು

‘ಎರಡೆಕರೆಯಲ್ಲಿ ವರ್ಷಕ್ಕೆ ಹತ್ತು ಲಕ್ಷ’ ಎಂಬ ತಲೆಬರಹದ ವಿಡಿಯೊ ಮೊಬೈಲಿಗೆ ದಿನಕ್ಕೊಂದು ಬರುತ್ತದೆ. ಅದನ್ನು ನೋಡಿದ ಪೇಟೆಯವರಿಗೆ ಊರಿಗೆ ಹೋಗಿ ನೆಲೆಸುವ ಆಸೆ ಹುಟ್ಟುತ್ತದೆ. ಊರಲ್ಲೇ ಇರುವವರಿಗೆ ತಮ್ಮ ದುಡಿಮೆಯಲ್ಲೇ ಏನೋ ಕೊರತೆಯಿದೆ ಎಂಬ ಅಳುಕು. ಇಂಥ ವಿಡಿಯೊಗಳಲ್ಲಿ ಹೇಳುವುದು ಹೆಚ್ಚಾಗಿ ಮಾರಿ ಬಂದ ದುಡ್ಡಿನ ಲೆಕ್ಕ. ಬೀಜ, ಗೊಬ್ಬರ, ಕೂಲಿ, ಬಾಡಿಗೆ ಟ್ರಾಕ್ಟರ್, ಬೋರ್‌ವೆಲ್ ಸಾಲದ ಬಡ್ಡಿ ಕಳೆದು ಕೈಯಲ್ಲಿ ಉಳಿದದ್ದೆಷ್ಟು ಎಂದು ಕೇಳುವವರು ಕಡಿಮೆ, ಹೇಳುವವರು ಇನ್ನೂ ಕಡಿಮೆ.

ಸರ್ಕಾರದ ಲೆಕ್ಕದಲ್ಲಿ ಒಂದು ಹೆಕ್ಟೇರಿಗಿಂತ ಕಡಿಮೆ ಜಮೀನಿದ್ದವರು ಅತಿ ಸಣ್ಣ ರೈತರು, ಒಂದರಿಂದ ಎರಡು ಹೆಕ್ಟೇರ್ ಇದ್ದವರು ಸಣ್ಣ ರೈತರು. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ 86 ಇವರವೇ. ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಎರಡೂವರೆ ಎಕರೆಗಿಂತ ತುಸು ಹೆಚ್ಚು. ಇಷ್ಟೇ ನೆಲ ಇರುವವನಿಗೆ ಮಣ್ಣು ಉಳಿಸಿಕೊಳ್ಳುವ ಬೇಸಾಯ ಬೇರೆ, ಮಾರುಕಟ್ಟೆಯ ಜಾಣ್ಮೆ ಬೇರೆ ಅಂತಿಲ್ಲ. ಏನನ್ನು ಯಾವಾಗ ಬಿತ್ತುತ್ತಾನೆ ಎನ್ನುವಲ್ಲೇ ಅವನ ಅರ್ಧ ವ್ಯಾಪಾರ ಮುಗಿದಿರುತ್ತದೆ. ನಮ್ಮ ತಪ್ಪು ನಂಬಿಕೆಗಳೆಲ್ಲ ಹುಟ್ಟುವುದು ಈ ಎರಡನ್ನು ಬೇರೆ ಬೇರೆ ಮಾಡಿ ನೋಡಿದಾಗ.

‘ಜೀವಾಮೃತ ಹಾಕಿದರೆ ಸಾಕು, ಬೇರೆ ಗೊಬ್ಬರ ಬೇಡ’

ಬಹಳ ಹರಡಿರುವ ಮಾತು ಇದು. ಸ್ವಲ್ಪ ಕೂತು ಲೆಕ್ಕ ಹಾಕೋಣ. ಒಂದು ಎಕರೆಗೆ ಹೇಳುವ ಜೀವಾಮೃತದಲ್ಲಿ ಹತ್ತು ಕೆ.ಜಿ. ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕೆ.ಜಿ. ಬೆಲ್ಲ, ಎರಡು ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು ಇರುತ್ತವೆ. ಇಡೀ ಡ್ರಮ್ಮಿನಲ್ಲಿರುವ ಸಾರಜನಕ ಉದಾರವಾಗಿ ಲೆಕ್ಕ ಹಾಕಿದರೂ ಕಾಲು ಕೆ.ಜಿ. ಆಸುಪಾಸು. ಮಳೆಯಾಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 50 ಕೆ.ಜಿ. ಸಾರಜನಕ, ಅಂದರೆ ಎಕರೆಗೆ 20 ಕೆ.ಜಿ. ನಾಲ್ಕು ಸಲ ಜೀವಾಮೃತ ಕೊಟ್ಟರೂ ಇಪ್ಪತ್ತರಲ್ಲಿ ಒಂದು ಭಾಗ ತುಂಬುತ್ತದೆ.

‘ಅದು ಗೊಬ್ಬರವಲ್ಲ, ಮಣ್ಣಿನ ಜೀವಾಣುಗಳನ್ನು ಎಬ್ಬಿಸುವ ಹೆಪ್ಪು’ ಎಂದು ಬಳಸುವವರು ಹೇಳುತ್ತಾರೆ. ಒಪ್ಪಿಕೊಳ್ಳೋಣ. ಆದರೆ ಆ ಜೀವಾಣುಗಳು ತಿನ್ನುವುದೇನನ್ನು? ನಮ್ಮ ಬಯಲುಸೀಮೆಯ ಕೆಂಪುಮಣ್ಣಿನಲ್ಲಿ ಸಾವಯವ ಇಂಗಾಲ ಎಷ್ಟೋ ಕಡೆ ಅರ್ಧ ಶೇಕಡಾವನ್ನೂ ಮುಟ್ಟುವುದಿಲ್ಲ. ಹೊಲದ ಹುಲ್ಲನ್ನೆಲ್ಲ ದನಕ್ಕೆ ಹಾಕಿ, ಕೂಳೆಗೆ ಬೆಂಕಿ ಕೊಟ್ಟು, ಬದುವಿನ ಹೊಂಗೆಯನ್ನೂ ಕಡಿದು, ಬರೀ ಡ್ರಮ್ಮಿನ ನೀರು ಸುರಿದರೆ ಬರಿಗಡಿಗೆಗೆ ಹೆಪ್ಪು ಹಾಕಿದಂತೆ.

ಇಲ್ಲೊಂದು ಅನ್ಯಾಯವೂ ಆಗಿದೆ. ಈ ಪದ್ಧತಿಯನ್ನು ಪ್ರಚಾರ ಮಾಡಿ 2016ರಲ್ಲಿ ಪದ್ಮಶ್ರೀ ಪಡೆದ ಸುಭಾಷ್ ಪಾಳೇಕರ್ ಹೇಳಿದ್ದು ನಾಲ್ಕು ಅಂಶ: ಬೀಜಾಮೃತ, ಜೀವಾಮೃತ, ಆಚ್ಛಾದನ, ವಾಫಸಾ. ಅಂದರೆ ಬೀಜೋಪಚಾರ, ಹೆಪ್ಪು, ನೆಲಕ್ಕೆ ಹೊದಿಕೆ, ಮಣ್ಣಿನಲ್ಲಿ ಗಾಳಿ ಮತ್ತು ತೇವದ ಹದ. ಜತೆಗೆ ಮಿಶ್ರಬೆಳೆಗೂ ಅವರು ಒತ್ತು ಕೊಟ್ಟಿದ್ದರು. ನಾವು ಸುಲಭದ್ದನ್ನು ಹಿಡಿದುಕೊಂಡೆವು, ಕಷ್ಟದ್ದನ್ನು ಬಿಟ್ಟೆವು. ಅವರ ಎಲ್ಲ ಮಾತುಗಳನ್ನು ನಾನು ಒಪ್ಪುವವನಲ್ಲ. ಹೊದಿಕೆ ಮತ್ತು ಮಿಶ್ರಬೆಳೆಯ ವಿಷಯದಲ್ಲಿ ಮಾತ್ರ ತಕರಾರಿಲ್ಲ.

ಏಕೆಂದರೆ ನಮ್ಮ ಹಿರಿಯರ ಅಕ್ಕಡಿ ಸಾಲು ಇದನ್ನೇ ಮಾಡುತ್ತಿತ್ತು. ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳಿನ ಸಾಲು. ದ್ವಿದಳ ಬೆಳೆಗಳ ಬೇರುಗಂಟು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ, ಉದುರಿದ ಎಲೆ ನೆಲ ಮುಚ್ಚುತ್ತದೆ, ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ರಾಗಿ ಕಾಳು ಕಟ್ಟುವಾಗ ಮಳೆ ಕೈಕೊಟ್ಟರೂ ಆಳಕ್ಕೆ ಬೇರು ಬಿಟ್ಟ ತೊಗರಿ ತಡೆದುಕೊಳ್ಳುತ್ತದೆ. ಮಾರುಕಟ್ಟೆಯ ಕಣ್ಣಿನಿಂದ ನೋಡಿ: ಒಂದೇ ಉಳುಮೆಗೆ ಮೂರು ನಾಲ್ಕು ಫಸಲು, ಅವು ಬರುವ ತಿಂಗಳೂ ಬೇರೆ, ಕೊಳ್ಳುವವರೂ ಬೇರೆ. ಚಳಿಗಾಲದ ಸೊಗಡಿನ ಅವರೆಕಾಯಿಗೆ ಬೆಂಗಳೂರು ಕಾಯುತ್ತಿರುತ್ತದೆ, ರಾಗಿ ಮನೆಯ ಕಣಜಕ್ಕೆ ಸೇರಿರುತ್ತದೆ. ಬಿತ್ತನೆ ಯಂತ್ರಕ್ಕೂ ಕಳೆನಾಶಕಕ್ಕೂ ಅಡ್ಡಿ ಎಂದು ಈ ಸಾಲುಗಳು ಕಣ್ಮರೆಯಾದವು. ಮತ್ತೆ ತರಲು ದುಡ್ಡು ಬೇಕಿಲ್ಲ, ಬೀಜ ಬೇಕು.

ರಾಸಾಯನಿಕ ಬಿಡುವ ಮನಸ್ಸಿದ್ದವರು ಇಡೀ ಜಮೀನಿನಲ್ಲಿ ಒಂದೇ ವರ್ಷ ಬಿಡಬಾರದು. ಬಡಕಲಾದ ಮಣ್ಣು ಮೊದಲ ವರ್ಷಗಳಲ್ಲಿ ಇಳುವರಿ ಇಳಿಸಿಯೇ ಇಳಿಸುತ್ತದೆ. ಕಾಲು ಭಾಗದಲ್ಲಿ ಶುರು ಮಾಡಿ, ಎಕರೆಗೆ ಮೂರು ಟನ್ನಾದರೂ ಕೊಟ್ಟಿಗೆ ಗೊಬ್ಬರ ಹಾಕಿ, ಸೆಣಬು ಅಥವಾ ಡಯಾಂಚ ಬಿತ್ತಿ ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿ ನೋಡಿ.

‘ಯೂರಿಯಾ ಹೆಚ್ಚಿದಷ್ಟೂ ಬೆಳೆ ಹೆಚ್ಚು’

ಇದು ಅದರ ಎದುರು ದಡದ ಮೂಢನಂಬಿಕೆ. 45 ಕೆ.ಜಿ.ಯ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕೆ.ಜಿ. ಸಾರಜನಕ ಇದೆ. ಒಂದೆಕರೆ ಮಳೆಯಾಶ್ರಿತ ರಾಗಿಗೆ ಸಾರಜನಕದ ಮಟ್ಟಿಗೆ ಅಷ್ಟೇ ಸಾಕು. ಸಬ್ಸಿಡಿಯಿಂದ ಅಗ್ಗವಾಗಿದೆ, ಎಲೆ ಕಡುಹಸಿರಾಗುತ್ತದೆ ಎಂದು ಎರಡು ಚೀಲ ಸುರಿಯುತ್ತೇವೆ. ಹಸಿರು ಹೆಚ್ಚಾದಲ್ಲಿ ರಸ ಹೀರುವ ಕೀಟ ಬರುತ್ತದೆ, ಅದಕ್ಕೆ ಔಷಧಿಯ ಅಂಗಡಿಗೆ ಇನ್ನೊಂದು ಓಟ. 2009ರಲ್ಲಿ ರಾಜ್ಯ ಸರ್ಕಾರ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜತೆ ಸೇರಿ ಶುರು ಮಾಡಿದ ಭೂಚೇತನ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಮಣ್ಣು ಪರೀಕ್ಷೆಯಾಯಿತು. ಕೊರತೆ ಕಂಡದ್ದು ಹಲವೆಡೆ ಗಂಧಕ, ಸತು, ಬೋರಾನ್‌ಗಳಲ್ಲಿ. ಜಿಪ್ಸಂ, ಸತುವಿನ ಸಲ್ಫೇಟ್, ಬೊರ್‍ಯಾಕ್ಸ್ ಹಾಕಿದ ಹೊಲಗಳಲ್ಲಿ ಇಳುವರಿ ಏರಿತು. ಇಲ್ಲದಿರುವುದನ್ನು ಕೊಡದೆ ಇರುವುದನ್ನೇ ಸುರಿದರೆ ದುಡ್ಡು ಮಳೆಯ ನೀರಿನಲ್ಲಿ ಹರಿದು ಹೋಗುತ್ತದೆ.

‘ಸಾವಯವ ಅಂದರೆ ದುಪ್ಪಟ್ಟು ಬೆಲೆ’

ಯಾರು ಕೊಡುತ್ತಾರೆ? ಎಪಿಎಂಸಿ ಹರಾಜಿನಲ್ಲಿ ಸಾವಯವ ಟೊಮೆಟೊ, ಮಾಮೂಲಿ ಟೊಮೆಟೊ ಒಂದೇ ಸಾಲಿನಲ್ಲಿ ಕೂರುತ್ತವೆ. ಹೆಚ್ಚಿನ ಬೆಲೆ ಕೊಡುವ ಅಂಗಡಿ ಪ್ರಮಾಣಪತ್ರ ಕೇಳುತ್ತದೆ. ರಫ್ತಿಗೂ ನಡೆಯುವ ಎನ್‌ಪಿಒಪಿ ಪ್ರಮಾಣೀಕರಣದಲ್ಲಿ ವಾರ್ಷಿಕ ಬೆಳೆಗೆ ಎರಡು ವರ್ಷ, ತೋಟದ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ ಇದೆ. ಆ ಅವಧಿಯಲ್ಲಿ ಇಳುವರಿ ಕಡಿಮೆ, ಬೆಲೆ ಮಾಮೂಲಿ. ಒಬ್ಬ ಸಣ್ಣ ರೈತ ಒಂಟಿಯಾಗಿ ಅದರ ಶುಲ್ಕ ಕಟ್ಟಿ ಗಿಟ್ಟಿಸುವುದು ಕಷ್ಟ. ಅವನಿಗೆ ಹೊಂದುವುದು ಪಿಜಿಎಸ್-ಇಂಡಿಯಾ. ಕನಿಷ್ಠ ಐದು ಜನ ಅಕ್ಕಪಕ್ಕದ ರೈತರು ಗುಂಪು ಕಟ್ಟಿ ಒಬ್ಬರ ಹೊಲವನ್ನೊಬ್ಬರು ಪರಿಶೀಲಿಸುವ ವ್ಯವಸ್ಥೆ ಅದು. ದೇಶದೊಳಗಿನ ಮಾರಾಟಕ್ಕೆ ನಡೆಯುತ್ತದೆ. ಕೊಳ್ಳುವವರು ಯಾರು ಎಂದು ತಿಳಿದುಕೊಂಡ ಮೇಲೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಲೇಸು.

‘ಮಧ್ಯವರ್ತಿ ತೊಲಗಿದರೆ ಲಾಭವೆಲ್ಲ ರೈತನಿಗೆ’

ವೇದಿಕೆಯ ಭಾಷಣಕ್ಕೆ ಚಪ್ಪಾಳೆ ಗ್ಯಾರಂಟಿ ತರುವ ಸಾಲು. ಅದರಲ್ಲಿ ಸತ್ಯವೂ ಇದೆ. ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಬಂಧಗಳ ಪ್ರಕಾರ ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆದವನಿಗೆ ಸಿಗುವುದು ಸುಮಾರು 33 ಪೈಸೆ, ಈರುಳ್ಳಿಗೆ 36, ಆಲೂಗಡ್ಡೆಗೆ 37. ಹಾಲಿನಲ್ಲಿ ಮಾತ್ರ ಸುಮಾರು 70.

ಹಾಲಿನಲ್ಲಿ ಮಧ್ಯವರ್ತಿ ಇಲ್ಲವೇ? ಖಂಡಿತ ಇದ್ದಾನೆ. ಊರಿನ ಡೇರಿ ಇದೆ, ಜಿಲ್ಲಾ ಒಕ್ಕೂಟ ಇದೆ, ಕೆಎಂಎಫ್ ಇದೆ, ನಂದಿನಿ ಬೂತಿದೆ. ಬೆಳಗ್ಗೆ ಸಂಜೆ ಅಳತೆ, ಕೊಬ್ಬಿನಂಶದ ಪರೀಕ್ಷೆ, ನಿಗದಿಯಾದ ಪಾವತಿ, ತಂಪು ಮಾಡುವ ಟ್ಯಾಂಕು, ಲಾರಿ. ದಲ್ಲಾಳಿ ಮಾಡುತ್ತಿದ್ದ ಕೆಲಸವನ್ನೆಲ್ಲ ಇಲ್ಲಿ ಉತ್ಪಾದಕರದ್ದೇ ಸಂಸ್ಥೆ ಮಾಡುತ್ತದೆ. ಕೆಲಸ ಹಾಗೇ ಉಳಿದಿದೆ, ಮಾಡುವವರು ಬದಲಾಗಿದ್ದಾರೆ.

ನೇರ ಮಾರಾಟಕ್ಕೆ ಇಳಿದವರಿಗೆ ಮೊದಲ ವಾರದಲ್ಲೇ ಅರ್ಥವಾಗುವ ಸಂಗತಿ ಇದು. ಸಾಗಣೆ, ವಿಂಗಡಣೆ, ಕೊಳೆತದ್ದರ ನಷ್ಟ, ಉದ್ದರಿಯ ವಸೂಲಿ ಎಲ್ಲ ಈಗ ತಮ್ಮ ತಲೆ ಮೇಲೆ. ದಿನವಿಡೀ ಸಂತೆಯಲ್ಲಿ ಕೂತರೆ ಹೊಲದ ಕಳೆ ಯಾರು ಕೀಳಬೇಕು? ಮನೆಯವರ ಕೂಲಿಯನ್ನೂ ಖರ್ಚಿಗೆ ಸೇರಿಸಿ ನೋಡಿದರೆ ನೇರ ಮಾರಾಟ ಗಿಟ್ಟುವುದು ಸಾಮಾನ್ಯವಾಗಿ ಎರಡು ಕಡೆ: ಪಟ್ಟಣಕ್ಕೆ ಹತ್ತಿರವಿದ್ದು ಸೊಪ್ಪು, ಹೂವು, ತರಕಾರಿಯನ್ನು ವಾರ ಪೂರ್ತಿ ಕೊಡಬಲ್ಲವರಿಗೆ, ಇಲ್ಲವೇ ಅಕ್ಕಿ, ಕಾಳು, ಬೆಲ್ಲ, ಎಣ್ಣೆಯಂಥ ಕೆಡದ ಸರಕು ಇರುವವರಿಗೆ. ಉಳಿದವರು ಒಂದಷ್ಟನ್ನು ಮನೆಮನೆಗೆ, ಒಂದಷ್ಟನ್ನು ಹಾಪ್‌ಕಾಮ್ಸ್‌ಗೆ, ಉಳಿದದ್ದನ್ನು ಮಂಡಿಗೆ ಎಂದು ಹಂಚುವುದು ಕ್ಷೇಮ. ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಲ್ಲಿ ಹುಟ್ಟಿದ ಹಾಪ್‌ಕಾಮ್ಸ್ ಕೂಡ ಒಂದು ಮಧ್ಯವರ್ತಿಯೇ, ಬೆಳೆಗಾರರು ತಾವೇ ಕಟ್ಟಿಕೊಂಡದ್ದು.

ಮಂಡಿಗೆ ಹೋಗುವವರು ತಿಳಿದಿರಬೇಕಾದ್ದು ಒಂದಿದೆ. ಕರ್ನಾಟಕದ ಎಪಿಎಂಸಿ ಕಾಯ್ದೆಯ ಪ್ರಕಾರ ದಲ್ಲಾಳಿಯ ಕಮಿಷನ್ ಕೊಳ್ಳುವವನು ಕೊಡಬೇಕಾದದ್ದು, ರೈತನದ್ದಲ್ಲ. ಆದರೂ ಬಿಳಿ ಚೀಟಿಯಲ್ಲಿ ಲೆಕ್ಕ ಬರೆದು ರೈತನಿಂದಲೇ ನೂರಕ್ಕೆ ಇಷ್ಟು ಎಂದು ಮುರಿದುಕೊಳ್ಳುವ ಚಾಳಿ ಹಲವು ಮಾರುಕಟ್ಟೆಗಳಲ್ಲಿದೆ. ಬಿತ್ತನೆಗೆ ಮುಂಗಡ ಕೊಟ್ಟ ದಲ್ಲಾಳಿಯ ಮುಂದೆ ರೈತ ಬಾಯಿ ಬಿಡುವುದಿಲ್ಲ. ಮಧ್ಯವರ್ತಿಯ ನಿಜವಾದ ಹಿಡಿತ ಇರುವುದು ಆ ಮುಂಗಡದಲ್ಲಿ. ಸಹಕಾರ ಸಂಘದ ಬೆಳೆಸಾಲ ಸಮಯಕ್ಕೆ ಸಿಕ್ಕವನು ಮಂಡಿಯಲ್ಲಿ ಅಧಿಕೃತ ಬಿಲ್ ಕೇಳುವ ಧೈರ್ಯ ಮಾಡುತ್ತಾನೆ.

‘ಹೋದ ಸಲ ಬೆಲೆ ಬಂದದ್ದನ್ನೇ ಈ ಸಲ ಹಾಕೋಣ’

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಸಸಿ ನರ್ಸರಿಗಳ ಮುಂದೆ ಸಾಲು ನಿಂತಿತು. ನಾಟಿ ಮಾಡಿದ ಟೊಮೆಟೊ ಕೊಯ್ಲಿಗೆ ಬರಲು ಎರಡು ತಿಂಗಳು ಮೇಲ್ಪಟ್ಟು ಬೇಕು. ಸೆಪ್ಟೆಂಬರ್ ಹೊತ್ತಿಗೆ ಎಲ್ಲರ ಹಣ್ಣೂ ಒಟ್ಟಿಗೆ ಬಂದು ಬೆಲೆ ನೆಲ ಕಚ್ಚಿತು. ಏರಿದ ಬೆಲೆ ಎಲ್ಲರಿಗೂ ಕಾಣಿಸಿದ ದಿನವೇ ತಡವಾಗಿರುತ್ತದೆ. ಎರಡೆಕರೆಯವನು ಅರ್ಧ ಎಕರೆಯಂತೆ ಮೂರು ವಾರ ಬಿಟ್ಟು ಬಿಟ್ಟು ನಾಟಿ ಮಾಡಿದರೆ ಒಂದು ಕಂತಿಗಾದರೂ ಒಳ್ಳೆ ಬೆಲೆ ಸಿಗುವ ಅವಕಾಶ ಉಂಟು. ಮನೆಖರ್ಚಿಗೆ ಹಾಲು, ರೇಷ್ಮೆಯಂಥ ಬೇಗ ಬೇಗ ಕೈಗೆ ಬರುವ ಆದಾಯವಿದ್ದರೆ ಬೆಲೆ ಬಿದ್ದ ವಾರ ಸಾಲಕ್ಕೆ ಓಡುವುದು ತಪ್ಪುತ್ತದೆ.

‘ಬೆಂಬಲ ಬೆಲೆ ಇದೆಯಲ್ಲ’ ಎಂಬ ಸಮಾಧಾನವೂ ಅರ್ಧ ಸತ್ಯ. ಕೇಂದ್ರ ಘೋಷಿಸುವುದು 22 ಬೆಳೆಗಳಿಗೆ. ಟೊಮೆಟೊ, ಈರುಳ್ಳಿ, ಮೆಣಸಿನಕಾಯಿ ಆ ಪಟ್ಟಿಯಲ್ಲಿಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಆದರೆ ಖರೀದಿ ಕೇಂದ್ರದಲ್ಲಿ ಸರದಿ ಸಿಗಬೇಕಾದರೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆ ಇರಬೇಕು, ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿನ ಮುಂದೆ ರಾಗಿ ಎಂದೇ ದಾಖಲಾಗಿರಬೇಕು. ಇದನ್ನು ಸುಗ್ಗಿಯಲ್ಲಿ ನೋಡಿದರೆ ಆಗದು, ಬೆಳೆ ಹೊಲದಲ್ಲಿರುವಾಗಲೇ ನೋಡಿಕೊಳ್ಳಬೇಕು.

‘ರೈತ ಉತ್ಪಾದಕ ಕಂಪನಿ ಸೇರಿದರೆ ಚಿಂತೆಯಿಲ್ಲ’

2020ರಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಿತು. ಒಂದೊಂದಕ್ಕೆ ಮೂರು ವರ್ಷದ ನಿರ್ವಹಣೆಗೆ 18 ಲಕ್ಷ ರೂಪಾಯಿವರೆಗೆ ನೆರವು, ಸದಸ್ಯರ ಷೇರು ಬಂಡವಾಳಕ್ಕೆ ಸಮನಾಗಿ 15 ಲಕ್ಷದವರೆಗೆ ಅನುದಾನ. ಇಷ್ಟರಿಂದ ಕಚೇರಿ, ಬೋರ್ಡು, ಸಿಇಒ ಸಿದ್ಧ. ವ್ಯಾಪಾರ ಮಾತ್ರ ಸದಸ್ಯರು ಸರಕು ತಂದರೆ ಉಂಟು. ಕ್ವಿಂಟಲ್‌ಗೆ ಐವತ್ತು ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ಸದಸ್ಯರೇ ಹೊರಗಿನ ವ್ಯಾಪಾರಿಗೆ ಮಾರಿದರೆ ಕಂಪನಿ ಗೊಬ್ಬರದಂಗಡಿಯಾಗಿ ಉಳಿಯುತ್ತದೆ. ಒಳ್ಳೆಯದಾಗಿ ನಡೆದ ಕಡೆಯೂ ಮೊದಲ ಲಾಭ ಕಾಣುವುದು ಮಾರಾಟದ ಬೆಲೆಯಲ್ಲಲ್ಲ, ಒಟ್ಟಾಗಿ ಕೊಂಡ ಬೀಜ, ಹಿಂಡಿ, ಗೊಬ್ಬರದ ಉಳಿತಾಯದಲ್ಲಿ, ಬಾಡಿಗೆಗೆ ಸಿಗುವ ಯಂತ್ರದಲ್ಲಿ, ನಂಬಬಹುದಾದ ತೂಕದಲ್ಲಿ.

ಉತ್ಪಾದಕ ಕಂಪನಿಯಲ್ಲಿ ಷೇರು ಎಷ್ಟಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ನಿಮ್ಮ ಹತ್ತಿರ ಷೇರಿನ ರಸೀದಿ ಇದ್ದರೆ ಈ ವರ್ಷದ ಮಹಾಸಭೆಗೆ ತಪ್ಪದೆ ಹೋಗಿ, ಜಮಾಖರ್ಚಿನ ಪಟ್ಟಿ ಕೇಳಿ ಪಡೆದು ಓದಿ, ಮುಂದಿನ ಸುಗ್ಗಿಯಲ್ಲಿ ಹತ್ತು ಚೀಲವಾದರೂ ಅಲ್ಲೇ ತೂಗಿಸಿ.